ಕಿವಿಯುಳ್ಳ ಮರಳು

ಮರಳಿಗೆ ಕಿವಿ ಬಂದರೆ ಏನಾಗುತ್ತದೆ ಎಂಬುದು ಬೆಳಗಾವಿಯ ವಜ್ರಕಾಯ ಫೌಂಡ್ರಿಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಗೊತ್ತಾಯಿತು. ಮಾಲೀಕರಿಗೆ ಕಿವಿ ಇಲ್ಲ ಎಂಬುದು ಗೊತ್ತಾಗಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಅನಸೂಯಾ ಕುಲಗೋಡ ಆ ಫೌಂಡ್ರಿಯ ಗುಣಮಟ್ಟ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ಅವಳ ಕೆಳಗೆ ಮೂವರು, ಮೇಲೆ ಹನ್ನೊಂದು ಜನ. ಅಲ್ಲಿ ಎರಕವಾಗುತ್ತಿದ್ದುದು ಟ್ರೇಲರ್ ಹಬ್‌ಗಳು, ಅಂದರೆ ಗಾಲಿಯ ನಡುವೆ ಕೂತು ಇಡೀ ಹೇರಿನ ಭಾರ ಹೊರುವ ಕಬ್ಬಿಣದ ಗುಂಭಗಳು. ಐವತ್ತಕ್ಕೆ ಒಂದರಂತೆ ಅವನ್ನು ಆರಿಸಿ, ಗರಗಸಕ್ಕೆ ಕೊಟ್ಟು, ಒಳಗೆ ಪೊಳ್ಳಿದೆಯೇ ಎಂದು ನೋಡುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಕೊಯ್ದದ್ದು ಗಟ್ಟಿಯಿದ್ದರೆ ಉಳಿದ ನಲವತ್ತೊಂಬತ್ತೂ ಗಟ್ಟಿಯೇ ಎಂದು ನಂಬುವುದು ಪದ್ಧತಿ. ಆ ನಂಬಿಕೆಯ ಬಗ್ಗೆ ಅವಳಿಗೆ ಮೊದಲಿನಿಂದಲೂ ತಾತ್ಸಾರವಿತ್ತು. ಆದರೆ ಬೇರೆ ದಾರಿ ಇರಲಿಲ್ಲ.

ದಾರಿ ನೀಲಿ ಡ್ರಮ್ಮುಗಳಲ್ಲಿ ತುಂಬಿಕೊಂಡು ಬಂತು. ನೋಡಲು ಅಚ್ಚಿಗೆ ಬಳಸುವ ಮಾಮೂಲಿ ಮರಳೇ. ಆದರೆ ಹತ್ತು ಸಾವಿರ ಕಣಕ್ಕೊಂದು ಕಣ ವಿಶೇಷ ಪಿಂಗಾಣಿಯದು. ಅಚ್ಚಿನೊಳಗೆ ಸುರಿದ ಕಬ್ಬಿಣ ಗಟ್ಟಿಯಾಗುವಾಗ ಮನುಷ್ಯರಿಗೆ ಕೇಳಿಸದಷ್ಟು ಸಣ್ಣ ಸದ್ದುಗಳಾಗುತ್ತವೆ. ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಒಂದು ಬಗೆ, ಲೋಹ ಕುಗ್ಗಿ ಒಳಗೆ ಪೊಳ್ಳಾದರೆ ಇನ್ನೊಂದು ಬಗೆ, ಕೂದಲೆಳೆಯಷ್ಟು ಬಿರುಕಾದರೆ ಮತ್ತೊಂದು. ಪಿಂಗಾಣಿಯ ಕಣ ಆ ಕಂಪನವನ್ನು ವಿದ್ಯುತ್ತಿನ ಮಿಡಿತವಾಗಿಸುತ್ತದೆ, ನೆಲದಡಿಯ ತಂತಿಗಳು ಮಿಡಿತವನ್ನು ಕಂಪ್ಯೂಟರಿಗೆ ಮುಟ್ಟಿಸುತ್ತವೆ. ಅಚ್ಚು ಒಡೆದು ಹಬ್ ಹೊರಬರುವ ಮೊದಲೇ ಅದರ ಹೊಟ್ಟೆಯಲ್ಲಿ ಏನಿದೆ ಎಂಬುದು ತೆರೆಯ ಮೇಲೆ ಬಂದಿರುತ್ತದೆ.

ಆ ಸೋಮವಾರ ಇನ್ನೂರು ಹಬ್ ಎರಕವಾದವು. ಇಪ್ಪತ್ತೆಂಟು ಕೆಟ್ಟಿವೆ ಎಂದು ಮರಳು ಹೇಳಿತು. ಅನಸೂಯಾ ಯಾರನ್ನೂ ಕೇಳದೆ ಇನ್ನೂರನ್ನೂ ಕೊಯ್ಯಿಸಿದಳು. ಗರಗಸ ಮೂರು ದಿನ ಕಿರುಚಿತು. ಇಪ್ಪತ್ತೆಂಟರಲ್ಲಿ ಇಪ್ಪತ್ತೇಳರ ಒಳಗೆ ಪೊಳ್ಳಿತ್ತು. ಚೆನ್ನಾಗಿವೆ ಎಂದ ನೂರಾ ಎಪ್ಪತ್ತೆರಡರಲ್ಲಿ ಒಂದರೊಳಗೂ ಇರಲಿಲ್ಲ. ಕಾರಣವೂ ಸಿಕ್ಕಿತು. ಕೆಟ್ಟವೆಲ್ಲ, ಕರಗಿದ ಕಬ್ಬಿಣ ಹೊತ್ತು ತಂದು ಸುರಿಯುವ ಪ್ರತಿ ಕೊಳಗದ ಕೊನೆಯ ಅಚ್ಚುಗಳಲ್ಲಿ ಬಿದ್ದಿದ್ದವು. ಭಟ್ಟಿಯಿಂದ ಹೊರಟ ದೊಡ್ಡ ಕೊಳಗ ಸಾಲಿನ ತುದಿ ಮುಟ್ಟುವಷ್ಟರಲ್ಲಿ ಕಬ್ಬಿಣ ತಣ್ಣಗಾಗುತ್ತಿತ್ತು. ಕೊಳಗವನ್ನು ಅರ್ಧ ಮಾಡಿ ಎರಡು ಸಲ ಓಡಾಡಿಸಿದರೆ ಮುಗಿಯಿತು. ದಿನದ ಉತ್ಪಾದನೆ ಐದರಲ್ಲೊಂದು ಪಾಲು ಇಳಿಯುತ್ತದೆ, ಅಷ್ಟೇ.

ಇಷ್ಟನ್ನು ನಾಲ್ಕು ಪುಟ ಬರೆದುಕೊಂಡು ಅವಳು ಸಭೆಗೆ ಹೋದಳು.

ಮಾಲೀಕ ವಿಕ್ರಾಂತ ಸಂಬರಗಿ ಮೂರನೆಯ ತಲೆಮಾರಿನವನು. ಅಜ್ಜ ಕಬ್ಬಿಣ ಸುರಿದಿದ್ದ, ಅಪ್ಪ ಕಬ್ಬಿಣ ಮಾರಿದ್ದ, ಇವನು ಕಬ್ಬಿಣದ ಬಗ್ಗೆ ಭಾಷಣ ಮಾಡುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿಯ ತಮ್ಮ ಪ್ರತೀಕ ಕೂತಿದ್ದ. ಹಿಂದಿನ ವಾರದವರೆಗೆ ಅವನು ಏನೂ ಆಗಿರಲಿಲ್ಲ. ಈಗ ಹೊಸದಾಗಿ ಹುಟ್ಟಿದ ಡಿಜಿಟಲ್ ವಿಭಾಗದ ಮುಖ್ಯಸ್ಥ. ಎದುರಿಗೆ ಬೆಂಗಳೂರಿನಿಂದ ಬಂದ ಸಲಹೆಗಾರ ಹರ್ಷಿತ್ ಬಾಳಿಗ, ಮಂಡಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಫೌಂಡ್ರಿಯ ಧೂಳು ತಾಗದಂತೆ ಕಾಲು ಮಡಚಿಕೊಂಡಿದ್ದ.

ಹರ್ಷಿತ್ ನಾಲ್ಕು ಪುಟವನ್ನೂ ಓದಿದ. ಓದಿದ ಎಂಬುದಷ್ಟೇ ಅವನ ಪರವಾಗಿ ಹೇಳಬಹುದಾದ ಮಾತು.

"ಅನಾಲಿಸಿಸ್ ಚೆನ್ನಾಗಿದೆ ಮೇಡಂ," ಎಂದ. "ಆದ್ರೆ ನೀವು ಹಳೇ ಪ್ರಶ್ನೆ ಕೇಳ್ತಿದೀರ. ಯಾಕೆ ಕೆಡ್ತಿದೆ ಅಂತ. ಯಾವುದು ಕೆಟ್ಟಿದೆ ಅಂತ ಮರಳೇ ಹೇಳೋವಾಗ, ಯಾಕೆ ಅನ್ನೋದು ಯಾಕೆ ಬೇಕು? ವಿಂಗಡಿಸಿದ್ರೆ ಸಾಕಲ್ವಾ."

"ಕೊಳಗ ಸಣ್ಣದು ಮಾಡಿದ್ರ ಕೆಡೂದಽ ಇಲ್ಲಲ್ರಿ."

"ಟನ್ನೇಜ್ ಬೀಳ್ತದಲ್ಲ," ಎಂದ ವಿಕ್ರಾಂತ. "ನಮ್ಮ ಸ್ಟ್ರ್ಯಾಟಜಿ ಇರೂದು ಟನ್ನೇಜ್ ಮ್ಯಾಲೆ. ಜರ್ಮನಿ ಗಿರಾಕಿಗೆ ಶೂನ್ಯ ದೋಷ ಕೊಡಬೇಕು, ಇಲ್ಲೆ ಟನ್ನೇಜ್ ಉಳೀಬೇಕು. ಎರಡೂ ಆಗೂದು ವಿಂಗಡಣೆಯಿಂದನ."

ವಿಂಗಡಿಸುವುದೆಂದರೆ ಕೆಟ್ಟದ್ದು ಮರಳಿ ಭಟ್ಟಿಗೆ ಹೋಗುವುದು ಎಂದು ಅನಸೂಯಾ ತಿಳಿದಳು. ಮೂರ್ಖತನವೇ, ಕಬ್ಬಿಣವನ್ನು ಎರಡು ಸಲ ಕರಗಿಸುವ ಮೂರ್ಖತನ. ಆದರೆ ಯಾರಿಗೂ ಕೇಡಿಲ್ಲದ್ದು. ಸಭೆಯ ಕೊನೆಗೆ ಕೊಟ್ಟ ಸಜ್ಜಿಗೆ ತಿಂದು ಅವಳು ಕೈ ಒರೆಸಿಕೊಳ್ಳುತ್ತಿದ್ದಾಗ ಪ್ರತೀಕ ಟ್ಯಾಬ್ ಮುಂದೆ ಹಿಡಿದ. ಪ್ರತಿ ಸರಕನ್ನೂ ಗುಣಮಟ್ಟದ ಮುಖ್ಯಸ್ಥರು ಒಪ್ಪಿಯೇ ಬಿಡಬೇಕೆಂದು ಜರ್ಮನಿಯವರ ಕರಾರಂತೆ. ಅವಳು ಹೆಬ್ಬೆರಳು ಒತ್ತಿದಳು. ಓದಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಫೌಂಡ್ರಿ ಬಹಳ ಬುದ್ಧಿವಂತವಾಯಿತು. ಅಚ್ಚಿನೊಳಗೆ ಇಡುವ ಮರಳಿನ ತಿರುಳು ಮಾಡುವ ಹೆಂಗಸರು ಊಟದ ಹೊತ್ತಿಗೆ ಕಾಲು ಚಾಚುತ್ತಿದ್ದ ಕೋಣೆಯನ್ನು ಕೆಡವಿ ಗಾಜಿನ ನಿಯಂತ್ರಣ ಕೊಠಡಿ ಎಬ್ಬಿಸಿದರು. ಹೆಂಗಸರು ಡಬ್ಬಿ ತೆಗೆದುಕೊಂಡು ಜನರೇಟರ್ ಮನೆಯ ನೆರಳಿಗೆ ಹೋದರು. ಚಾಲಕರಿಲ್ಲದ ಗಾಡಿಗಳು ಬಂದು ತಾವೇ ಹಬ್ ಹೊತ್ತು ತಿರುಗಾಡಿದವು. ಸ್ವಾಗತ ಕೋಣೆಯಲ್ಲಿ ಹನ್ನೆರಡು ಅಡಿಯ ತೆರೆ ಬಂತು. ಅದರ ಮೇಲೆ ಬಣ್ಣದ ಕಂಬಗಳು ಏರುತ್ತ ಇಳಿಯುತ್ತ ಇದ್ದವು, ಅವುಗಳ ಅರ್ಥ ಕೇಳುವಷ್ಟು ಅಸಭ್ಯರು ಯಾರೂ ಅಲ್ಲಿಗೆ ಬರುತ್ತಿರಲಿಲ್ಲ. ಮರಳಿನ ವರದಿ ಡಿಜಿಟಲ್ ವಿಭಾಗಕ್ಕೆ, ಅಲ್ಲಿಂದ ಮಾರಾಟ ವಿಭಾಗಕ್ಕೆ ಹೋಗುತ್ತಿತ್ತು. ಯಾರು ಯಾರ ಕೆಳಗೆಂದು ತೋರಿಸುವ ಸಂಸ್ಥೆಯ ನಕಾಶೆಯಲ್ಲಿ ಅನಸೂಯಾಳ ಚೌಕದಿಂದ ಮಾಲೀಕನ ಚೌಕಕ್ಕೆ ಇದ್ದ ಗೆರೆ ಅಳಿಸಿ ಚುಕ್ಕೆಸಾಲಾಯಿತು. ಕೊಯ್ಯುವ ಗರಗಸದ ಅಗತ್ಯ ಇನ್ನಿಲ್ಲವೆಂದು ಅದನ್ನು ಹೊದಿಕೆ ಹಾಕಿ ಮೂಲೆಗಿಟ್ಟರು.

ಒಂದು ಭಾನುವಾರ ಮಧ್ಯಾಹ್ನ ಅವಳ ಗಂಡ ಈಶ್ವರ ಶೇಂಗಾ ಒಡೆಯುತ್ತ ಕೂತಿದ್ದ. ಅವನು ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳುವ ಮೇಷ್ಟ್ರು, ಮಾತು ಕಡಿಮೆ.

"ದಿನಕ್ಕ ಎಷ್ಟ ಕೆಟ್ಟವು ಬೀಳ್ತಾವ ಈಗ?" ಎಂದ.

"ನಾನೂರಕ್ಕ ಐವತ್ತಾರು. ಮೊದಲಿನಷ್ಟಽ."

"ಅವು ಎಲ್ಲಿ ಹೋಗ್ತಾವ?"

"ಭಟ್ಟಿಗೆ. ಮತ್ತೆಲ್ಲಿ ಹೋಗ್ತಾವ?"

"ನೀ ನೋಡೀಯೇನು?"

ಅವಳು ಸಿಟ್ಟಿಗೆದ್ದು ಒಳಗೆ ಹೋದಳು. ನೋಡಿರಲಿಲ್ಲ ಎಂಬುದೇ ಸಿಟ್ಟಿಗೆ ಕಾರಣವೆಂದು ಅವನಿಗೂ ಗೊತ್ತಿತ್ತು, ಮತ್ತೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಭಟ್ಟಿಯ ಕಡೆ ಹೋಗಿ ಏನೇನು ಕರಗಿಸಿದ್ದಾರೆಂಬ ಪಟ್ಟಿ ನೋಡಿದಳು. ದಿನಕ್ಕೆ ಐವತ್ತಾರು ಹಬ್ ಮರಳಿ ಬಂದಿದ್ದರೆ ಹತ್ತಿರ ಹತ್ತಿರ ಎರಡು ಟನ್ ಹೆಚ್ಚಿರಬೇಕು. ಒಂದು ಕಿಲೋ ಕೂಡ ಹೆಚ್ಚಿರಲಿಲ್ಲ. ಅಲ್ಲಿಂದ ಗಾಜಿನ ಕೊಠಡಿಗೆ ಹೋದಳು. ಅಲ್ಲಿ ತೆರೆ ನೋಡಿಕೊಳ್ಳುವ ರಾಜಶ್ರೀ ಕುರ್ಚಿ ಸರಿಸಿ ಎದ್ದು ನಿಂತಳು.

"ಕೆಟ್ಟ ಹಬ್ ಎಲ್ಲಿಗೆ ಕಳಸ್ತೀರಿ?"

"ಕೆಟ್ಟವು ಅಂತ ಇಲ್ರಿ ಬಾಯಾರ. ಎ, ಬಿ, ಸಿ ಅಂತ ಅದಾವ." ಅವಳು ತೆರೆ ತೋರಿಸಿದಳು. "ಎ ಜರ್ಮನಿಗೆ. ಬಿ ಟ್ರ್ಯಾಕ್ಟರ್ ಕಂಪನಿಗೆ. ಸಿ ಹಸಿರು ಬಣ್ಣ ಹೊಡದು 'ಧರಣಿ' ಅನ್ನೂ ಹೆಸರಿಲೆ ಅಥಣಿ, ರಾಯಬಾಗ, ಗೋಕಾಕದ ಅಂಗಡಿಗಳಿಗೆ ಹೋಗ್ತಾವ್ರಿ. ಕಬ್ಬಿನ ಟ್ರೇಲರಿಗೆ."

"ಒಳಗ ಪೊಳ್ಳಿದ್ದದ್ದು?"

ರಾಜಶ್ರೀ ಗೊಂದಲದಿಂದ ಅವಳ ಮುಖ ನೋಡಿದಳು. "ನಿಮಗ ಗೊತ್ತದ ಅಂತ ತಿಳದಿದ್ನಿ ಬಾಯಾರ. ಪ್ರತಿ ಲಾಟಿನ ಮ್ಯಾಲೆ ನಿಮ್ಮ ಸಹಿನ ಅದಲ್ರಿ."

ಸಹಿ ಇತ್ತು. ಅವಳ ಹೆಬ್ಬೆರಳನ್ನು ಯಂತ್ರ ಒಂದೇ ಸಲ ತೆಗೆದುಕೊಂಡು, ಆಮೇಲೆ ದಿನವೂ ತಾನೇ ಒತ್ತಿಕೊಳ್ಳುತ್ತಿತ್ತು. ಸಿ ದರ್ಜೆಯ ಐದು ಸಾವಿರದ ಆರುನೂರು ಹಬ್‌ಗಳನ್ನು ಅವಳು ಒಪ್ಪಿದ್ದಳು. ನಾಲ್ಕು ಸಾವಿರದ ಇನ್ನೂರು ಆಗಲೇ ಗಾಲಿಗಳಲ್ಲಿ ಕೂತಿದ್ದವು, ಉಳಿದವು ಅಂಗಳದಲ್ಲಿದ್ದವು. ಅಲ್ಲಿಯವರೆಗೆ ತನ್ನ ಸುತ್ತಲಿನವರ ಮೇಲೆ ಅವಳಿಗಿದ್ದ ತಿರಸ್ಕಾರ ಆ ಕ್ಷಣ ಅವಳ ಮೇಲೇ ತಿರುಗಿತು. ಓದದೆ ಒತ್ತಿದವಳು ತಾನು. ಪ್ರತೀಕನಾದರೂ ತನಗೇನೂ ತಿಳಿಯದು ಎಂಬ ನೆಪ ಹೇಳಬಹುದಿತ್ತು.

ವಿಕ್ರಾಂತ ಅವಳನ್ನು ಕೂರಿಸಿ ಚಹಾ ತರಿಸಿದ. ನಾಚಿಕೆ ಅವನ ಮುಖದ ಹತ್ತಿರವೂ ಸುಳಿಯಲಿಲ್ಲ.

"ಒಂದು ಮಾತ ಕೇಳ್ತೀನಿ," ಎಂದ. "ಮರಳು ಬರೂಕ್ಕಿಂತ ಮೊದಲ ಈ ಐವತ್ತಾರು ಎಲ್ಲಿ ಹೋಗ್ತಿದ್ದವು? ಒಂದಿಷ್ಟು ಜರ್ಮನಿಗೆ, ಒಂದಿಷ್ಟು ಇಲ್ಲಿಗೆ. ಇಪ್ಪತ್ತೆರಡು ವರ್ಷ ನೀವಽ ಕಳಸೀರಿ. ಒಟ್ಟು ಲೆಕ್ಕ ಏನರ ಬದಲಾತೇನು? ಒಂದರ ಹೆಚ್ಚಾಗ್ಯಾವೇನು?"

"ಆಗ ಗೊತ್ತಿರಲಿಲ್ಲ."

"ಗೊತ್ತಾದಮ್ಯಾಲೆ ಕಬ್ಬಿಣ ಬದಲಾಗ್ತದೇನು?"

"ಕಬ್ಬಿಣ ಆಗೂದಿಲ್ಲ," ಎಂದಳು ಅನಸೂಯಾ. "ಮೊದಲು ನಾವು ಕುರುಡರಿದ್ವಿ. ಈಗ ಆರಿಸಿ ಆರಿಸಿ ಕೊಡಾಕತ್ತೀವಿ. ಒಂದು ಟ್ರೇಲರಿನ ನಾಲ್ಕೂ ಗಾಲಿಗೆ ನಾಲ್ಕೂ ಪೊಳ್ಳು ಹಬ್. ಮೊದಲು ಹಂಗ ಬೀಳೂದು ಸಾವಿರಕ್ಕ ಒಂದು ಇರ್ತಿತ್ತೋ ಇಲ್ಲೋ."

ಅವನು ಗಡಿಯಾರ ನೋಡಿಕೊಂಡ. "ಅನಸೂಯಾ ಅವರ, ನೀವು ಕಬ್ಬಿಣದಾಗ ಶಾಣ್ಯಾರು. ವ್ಯವಹಾರ ನಮಗ ಬಿಡ್ರಿ. ನಾಳೆ ಉದ್ಯಮಿಗಳ ನಿಯೋಗ ಬರ್ತದ, ಸ್ಮಾರ್ಟ್ ಫ್ಯಾಕ್ಟರಿ ನೋಡ್ಲಿಕ್ಕೆ. ಬಿಳೇ ಕೋಟು ಹಾಕ್ಕೊಂಡು ಬರ್ರಿ."

ಅವಳು ಬಿಳಿ ಕೋಟು ಹಾಕಿಕೊಂಡೇ ಹೋದಳು. ನಿಯೋಗ ಸ್ವಾಗತ ಕೋಣೆಯಲ್ಲಿ ಹಾರ ಹಾಕಿಸಿಕೊಳ್ಳುತ್ತಿದ್ದಾಗ ಗಾಜಿನ ಕೊಠಡಿಗೆ ನಡೆದು, ತನ್ನ ಹೆಸರಿನಲ್ಲಿ ಏನೇನು ಅಧಿಕಾರ ಬರೆದಿದೆ ತೋರಿಸು ಎಂದಳು. ರಾಜಶ್ರೀ ಪುಟ ತೆರೆದಳು. ಜರ್ಮನಿಯವರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಹರ್ಷಿತ್ ಧಾರಾಳವಾಗಿ ಬರೆದಿದ್ದ: ಗುಣಮಟ್ಟದ ಮುಖ್ಯಸ್ಥರು ಯಾವ ದರ್ಜೆಯ ಸರಕು ಎಲ್ಲಿಗೆ ಹೋಗಬೇಕೆಂಬುದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಅವಳು ಅದನ್ನು ಬಳಸಿಯಾಳು ಎಂದು ಅವರಲ್ಲಿ ಒಬ್ಬರಿಗೂ ಅನಿಸಿರಲಿಲ್ಲ. ತನ್ನನ್ನು ಅವರು ಎಷ್ಟು ಹಗುರವಾಗಿ ಎಣಿಸಿದ್ದಾರೆ ಎಂಬುದು ಅವಳಿಗೆ ಆ ಪುಟದಲ್ಲಿ ಅಚ್ಚುಕಟ್ಟಾಗಿ ಓದಲು ಸಿಕ್ಕಿತು.

ಸಿ ದರ್ಜೆಯ ಮುಂದೆ 'ಧರಣಿ' ಎಂದಿತ್ತು. ಅಳಿಸಿ 'ಒಡೆದು ಕರಗಿಸು' ಎಂದು ಬರೆದು ಹೆಬ್ಬೆರಳಿಟ್ಟಳು. ಈ ಸಲ ಎರಡು ಸಲ ಓದಿ.

ಬಣ್ಣದ ಶೆಡ್ಡಿನ ಕಡೆ ಹೊರಟಿದ್ದ ಗಾಡಿಗಳು ನಡುದಾರಿಯಲ್ಲಿ ನಿಂತು ಹಿಂದಕ್ಕೆ ತಿರುಗಿದವು. ಅಂಗಳದಲ್ಲಿದ್ದ ಸಾವಿರದ ನಾನೂರು ಹಬ್ ಒಂದೊಂದಾಗಿ ಒಡೆಯುವ ಯಂತ್ರದ ಬಾಯಿಗೆ ಬಿದ್ದವು, ಏಳೆಂಟು ಸೆಕೆಂಡಿಗೆ ಒಂದರಂತೆ. ಪೊಳ್ಳು ಹಬ್ ಒಡೆಯುವಾಗ ಗಡಿಗೆ ಒಡೆದಂಥ ಸದ್ದು. ಸ್ವಾಗತ ಕೋಣೆಯ ತೆರೆಯಲ್ಲಿ ಸಿ ಎಂಬ ಕೆಂಪು ಕಂಬ ಸರಸರನೆ ಇಳಿಯತೊಡಗಿತು. ಕೆಂಪು ಇಳಿಯುವುದು ಒಳ್ಳೆಯದೇ ಇರಬೇಕೆಂದು ನಿಯೋಗದವರು ಚಪ್ಪಾಳೆ ತಟ್ಟಿದರು. ವಿಕ್ರಾಂತನಿಗೆ ಅರ್ಥವಾಯಿತು, ಆದರೆ ಹಾರ ಹಾಕಿಕೊಂಡು ನಿಂತವರೆದುರು ಓಡುವಂತಿರಲಿಲ್ಲ. ಅವನು ನಗುತ್ತಲೇ ಪ್ರತೀಕನನ್ನು ಕಳಿಸಿದ. ಪ್ರತೀಕನಿಗೆ ತನ್ನ ವಿಭಾಗದ ಪಾಸ್‌ವರ್ಡ್ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದ ಹರ್ಷಿತ್ ಯಾವುದೋ ವೇದಿಕೆಯ ಮೇಲಿದ್ದು ಫೋನ್ ಎತ್ತಲಿಲ್ಲ. ಮೂರು ಗಂಟೆಯ ನಂತರ ಅವಳ ಹೆಸರು ತೆಗೆದು ಪ್ರತೀಕನ ಹೆಸರು ಸೇರಿಸುವ ಹೊತ್ತಿಗೆ ಒಡೆಯಲು ಏನೂ ಉಳಿದಿರಲಿಲ್ಲ.

ಅವಳನ್ನು ಗೇಟಿನವರೆಗೆ ಬಿಟ್ಟುಬರಲು ಇಬ್ಬರು ಕಾವಲುಗಾರರನ್ನು ಕೊಟ್ಟರು. ಗೇಟಿನ ಹತ್ತಿರ ರಾಜಶ್ರೀ ಬಂದು ಕಾಗದದ ಕಟ್ಟೊಂದನ್ನು ಕೈಗಿಟ್ಟಳು.

"ಮಾರಾಟ ಆದ ಸಿ ಹಬ್‌ಗಳ ನಂಬರ್ರಿ, ನಾಲ್ಕು ಸಾವಿರದ ಇನ್ನೂರೂ. ಸಹಿ ಮಾಡಿದವರ ಕಡೆ ಒಂದು ಪ್ರತಿ ಇರಬೇಕು ಅಂತ ನಿಯಮದಾಗ ಬರದಾರಲ್ರಿ ಬಾಯಾರ." ಕಾವಲುಗಾರರು ನಿಯಮ ಎಂಬ ಶಬ್ದ ಕೇಳಿ ಸುಮ್ಮನಾದರು.

ಮನೆಯಲ್ಲಿ ಈಶ್ವರ ಆ ನಲವತ್ತೆರಡು ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದ. "ನಂಬರ್ ಹಬ್ಬಿನ ಮ್ಯಾಲೆ ಕಾಣ್ತದೇನು?"

"ದರ್ಜೆ ವಿಂಗಡಿಸಿದಮ್ಯಾಲೆ ಯಂತ್ರ ಕಬ್ಬಿಣದಾಗಽ ಕೊರದಿರ್ತದ. ಕೆಸರು ಒರಸಿದ್ರ ಕಾಣ್ತದ."

"ಹಂಗಾರ ಕಬ್ಬಿನ ಟ್ರೇಲರ್ ಎಲ್ಲಾ ಒಂದಽ ಕಡೆ ನಿಲ್ಲೂ ಜಾಗಾಕ್ಕ ಹೋಗೂಣು," ಎಂದು ಅವನು ಸುಣ್ಣದ ಕಡ್ಡಿಯ ಡಬ್ಬಿ ಚೀಲಕ್ಕೆ ಹಾಕಿದ. ಅವಳ ತಪ್ಪೆಷ್ಟು ಎಂಬ ಚರ್ಚೆಗೆ ಅವನು ಹೋಗಲಿಲ್ಲ. ಅದಕ್ಕಾಗಿ ಅವಳು ಮನಸ್ಸಿನಲ್ಲೇ ಅವನಿಗೆ ಕೈ ಮುಗಿದಳು.

ಡಿಸೆಂಬರ್ ತಿಂಗಳು, ಕಬ್ಬು ನುರಿಸುವ ಕಾಲ. ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಇನ್ನೂರರ ಮೇಲೆ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಸರದಿಗೆ ಕಾದಿದ್ದವು. ಅಲ್ಲಿಗೆ ಬಂದ ಗಂಡ ಹೆಂಡತಿಯನ್ನು ಮೊದಲೆರಡು ದಿನ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಸರು ಕೆರೆಯುವ ಹೆಂಗಸನ್ನು ನೋಡಿ ಕೆಲವರು ವಿಮೆಯವಳೆಂದರು, ಕೆಲವರು ಬೇರೆ ಕಂಪನಿಯ ಹಬ್ ಮಾರುವವಳೆಂದರು. ಈಶ್ವರ ಸುಣ್ಣದಲ್ಲಿ ಹಾಕಿದ ಗುರುತನ್ನು ಚಾಲಕರು ಅವನೆದುರೇ ಚಪ್ಪಲಿಯಿಂದ ಒರೆಸಿದರು.

ಮೂರನೆಯ ದಿನ ಲಕ್ಕಪ್ಪ ಎಂಬ ಚಾಲಕ ತನ್ನ ಟ್ರೇಲರಿನ ಕೆಳಗಿನಿಂದ ಅವಳನ್ನು ಎಬ್ಬಿಸಿದ.

"ಎಷ್ಟ ಅದಾವ್ರಿ ನಂದರಾಗ?"

"ಹಿಂದಿಂದರಾಗ ಮೂರು. ಮುಂದಿಂದರಾಗ ಒಂದೂ ಇಲ್ಲ."

"ಒಳಗ ಪೊಳ್ಳ ಐತಿ ಅಂತ ನಿಮಗ ಹ್ಯಾಂಗ ಗೊತ್ತು? ಒಳಗ ಹೊಕ್ಕ ನೋಡಿ ಬಂದೀರೇನು?"

ಮರಳಿನ ಕಥೆಯನ್ನು ಅವಳು ಹೇಳಿದಳು. ಅವನು ಕಬ್ಬಿನ ಸಿಬಿರು ಕಚ್ಚುತ್ತ ಕೇಳಿದ.

"ಇದನ್ನ ಚಲೋ ಐತಿ ಅಂತ ಪಾಸ್ ಮಾಡಿದಾಂವ ಯಾರು?"

"ನಾನಽ," ಎಂದಳು. "ಓದದೆ ಸಹಿ ಮಾಡೀನಿ."

ಅವನು ಬಾಯಲ್ಲಿದ್ದ ಸಿಬಿರು ಉಗುಳಿದ. ಬೈಯುತ್ತಾನೆಂದು ಅವಳು ಕಾದಳು. ಅಷ್ಟರಲ್ಲಿ ಅಂಗಳದೊಳಗೆ ಒಂದು ಬಿಳಿ ಕಾರು ಬಂದು ನಿಂತು, ಪ್ರತೀಕ ಇಳಿದ. ಜೊತೆಗೊಬ್ಬ ವಕೀಲ. ಕಂಪನಿಯ ಗುಟ್ಟು ಬಯಲು ಮಾಡುವುದನ್ನು ತಕ್ಷಣ ನಿಲ್ಲಿಸಬೇಕೆಂಬ ನೋಟಿಸನ್ನು ವಕೀಲ ಓದತೊಡಗಿದ. ಚಾಲಕರು ಸುತ್ತ ನೆರೆದರು.

"ಈ ಬಾಯಿ ಕೆಲಸ ಕಳ್ಕೊಂಡ ಸಿಟ್ಟಿಗೆ ಸುಳ್ಳ ಹೇಳಾಕತ್ತಾಳ," ಎಂದ ಪ್ರತೀಕ, ಎಲ್ಲರಿಗೂ ಕೇಳುವಂತೆ. "ಧರಣಿ ಹಬ್ ಗಟ್ಟಿಮುಟ್ಟ ಅದಾವ. ನಮ್ಮ ಕಂಪನಿ ಅರವತ್ತು ವರ್ಷದ್ದು."

ಲಕ್ಕಪ್ಪ ಮುಂದೆ ಬಂದ. ದನಿ ಏರಿಸಲಿಲ್ಲ.

"ಚಲೋ ಆತ್ರಿ ಸಾಹೇಬ್ರ, ನೀವಽ ಬಂದ್ರಿ. ನನಗೂ ಈಕಿ ಮಾತಿನ ಮ್ಯಾಲ ನಂಬಿಗಿ ಇಲ್ಲ. ಹಿಂದಿನ ಟ್ರೇಲರಿನಾಗ ಹನ್ನೆರಡು ಟನ್ ಕಬ್ಬ ಐತಿ. ಮ್ಯಾಲ ಹತ್ತಿ ಕೂಡ್ರಿ. ನಾ ನಿಧಾನ ಹೊಡೀತೀನಿ. ಕಾಲುವಿ ದಿಬ್ಬ ಇಳದು, ಒಂದ ಸುತ್ತ ಹಾಕಿ ಇಲ್ಲೇ ತಂದ ಬಿಡ್ತೀನಿ."

ಪ್ರತೀಕ ನಕ್ಕ. ಯಾರೂ ನಗಲಿಲ್ಲ. ಯಾರೋ ಒಬ್ಬ ಟ್ರೇಲರಿಗೆ ಏಣಿ ತಂದು ಒರಗಿಸಿದ, ಇನ್ನೊಬ್ಬ ಕಬ್ಬಿನ ಮೇಲೆ ಕೂರಲು ಗೋಣಿಚೀಲ ಎಸೆದ. ವಕೀಲ ನೋಟಿಸನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು, ತನಗೂ ಹತ್ತೆಂದು ಹೇಳಿಯಾರು ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದ. ಪ್ರತೀಕ ಏಣಿಯ ಹತ್ತಿರ ಹೋದ. ಅಷ್ಟು ಧೈರ್ಯ ಅವನಲ್ಲಿತ್ತು. ಮೊದಲ ಮೆಟ್ಟಿಲಿಗೆ ಕಾಲಿಟ್ಟು ಕೆಳಗೆ ನೋಡಿದ. ಅಲ್ಲಿ ಹಸಿರು ಬಣ್ಣದ ಹಬ್ ಇತ್ತು. ಅದರ ಮೇಲಿನ ಕೆಸರನ್ನು ಅನಸೂಯಾ ಆಗತಾನೆ ಒರೆಸಿದ್ದಳು, ನಂಬರು ಎದ್ದು ಕಾಣುತ್ತಿತ್ತು. ಸಿ ದರ್ಜೆಯ ನಂಬರು ಯಾವ ಅಂಕಿಯಿಂದ ಶುರುವಾಗುತ್ತದೆಂದು ಇಷ್ಟು ತಿಂಗಳಲ್ಲಿ ಅವನಿಗೂ ತಿಳಿದಿತ್ತು.

ಅವನು ಕಾಲು ಕೆಳಗಿಟ್ಟ. ತನಗೆ ಮೀಟಿಂಗ್ ಇದೆಯೆಂದ.

ಕಾರು ಹೊರಟುಹೋಯಿತು. ಲಕ್ಕಪ್ಪ ತನ್ನ ಹಿಂದಿನ ಟ್ರೇಲರಿನ ಕೊಂಡಿ ಕಳಚಿದ. ಆಮೇಲೆ ಸಾಲಿನುದ್ದಕ್ಕೂ ಚಾಲಕರು ಒಬ್ಬೊಬ್ಬರಾಗಿ ತಮ್ಮ ಗಾಲಿಗಳ ಮುಂದೆ ಕೂತು ಕೆಸರು ಕೆರೆದು, ಅನಸೂಯಾಳ ಕಡೆ ತಿರುಗಿ ನಂಬರು ಕೂಗತೊಡಗಿದರು.